ಐದು ನಿಮಿಷ ಉಸಿರು ಗಮನಿಸಿದರೆ ಮನಸ್ಸು ಖಾಲಿಯಾಗುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಬೆಳಗಾವಿಯವರ ಮೊಬೈಲ್‌ಗೆ ಒಂದೇ ಫಾರ್ವರ್ಡ್ ಮೂರು ಸಲ ಬರುತ್ತದೆ. ಮನೆಯವರ ಗ್ರೂಪಿನಲ್ಲಿ ಕನ್ನಡದಲ್ಲಿ, ಹಳೆಯ ಶಾಲಾ ಗೆಳೆಯರ ಗ್ರೂಪಿನಲ್ಲಿ ಮರಾಠಿಯಲ್ಲಿ, ಆಫೀಸಿನ ಗ್ರೂಪಿನಲ್ಲಿ ಹಿಂದಿಯಲ್ಲಿ. ಉಸಿರಾಟದ ಧ್ಯಾನದ ಬಗ್ಗೆ ಓಡಾಡುವ ಸಂದೇಶಗಳೂ ಹೀಗೆಯೇ. ಹಿಂದೆ ಒಂದು ಸೂರ್ಯೋದಯದ ಚಿತ್ರ, ಮುಂದೆ ಕಣ್ಣು ಮುಚ್ಚಿ ಕೂತ ಒಬ್ಬ ಮನುಷ್ಯ. ಕೆಳಗೆ ಸಾಲು ಸಾಲು ಭರವಸೆ: ದಿನಾ ಐದು ನಿಮಿಷ ಉಸಿರು ಗಮನಿಸಿ, ಯೋಚನೆಗಳು ನಿಂತುಹೋಗುತ್ತವೆ. ಮೆದುಳಿಗೆ ದುಪ್ಪಟ್ಟು ಆಮ್ಲಜನಕ. ಬಿಪಿ, ಶುಗರ್ ಮಾತ್ರೆ ಬೇಡವೇ ಬೇಡ.

ಇದರಲ್ಲಿ ನಿಜವೆಷ್ಟು, ಸುಳ್ಳೆಷ್ಟು? ಚಿಕ್ಕದಾಗಿ ಹೇಳಿಬಿಡುತ್ತೇವೆ. ಉಸಿರು ಗಮನಿಸುವ ಸರಳ ಧ್ಯಾನದಿಂದ ಮನಸ್ಸಿನ ಗಡಿಬಿಡಿ ಸ್ವಲ್ಪ ತಗ್ಗುತ್ತದೆ ಎನ್ನುವುದು ನಿಜ, ಅದಕ್ಕೆ ಒಳ್ಳೆಯ ಆಧಾರವಿದೆ. ಆಮ್ಲಜನಕದ ಮಾತು ತಪ್ಪು. ಮಾತ್ರೆ ಬಿಡಿ ಎನ್ನುವುದು ಅಪಾಯ. ಯೋಚನೆಗಳು ನಿಲ್ಲುತ್ತವೆ ಎನ್ನುವ ಮಾತು ಮಾತ್ರ ನೋಡಲು ನಿರುಪದ್ರವಿ, ಆದರೆ ನಮ್ಮ ಪ್ರಕಾರ ಹೆಚ್ಚು ಜನರನ್ನು ಧ್ಯಾನದಿಂದ ಓಡಿಸಿರುವುದು ಅದೇ. ಕೂತ ಎರಡನೇ ನಿಮಿಷಕ್ಕೆ ಕರೆಂಟ್ ಬಿಲ್ಲು, ಮಗಳ ಫೀಸು, ನಿನ್ನೆ ಯಾರೋ ಆಡಿದ ಮಾತು ಎಲ್ಲ ಬರುತ್ತವೆ. "ಇದು ನನ್ನಂಥವರಿಗಲ್ಲ" ಎಂದು ಎದ್ದುಬಿಡುತ್ತಾರೆ. ಆದ್ದರಿಂದ ಈ ಮಾತಿನ ಬಗ್ಗೆಯೇ ಹೆಚ್ಚು ಹೇಳಬೇಕಿದೆ.

ಬೆಳಗಾವಿ ಕೋಟೆಯೊಳಗೆ ನಡೆದದ್ದು

ಮನಸ್ಸಿನ ಏಕಾಗ್ರತೆಯ ಬಗ್ಗೆ ದೇಶವೆಲ್ಲ ಸುತ್ತುವ ಒಂದು ಕಥೆ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲೇ. ಸ್ವಾಮಿ ವಿವೇಕಾನಂದರು ಶಿಕಾಗೋಗೆ ಹೋಗುವ ಮುಂಚೆ, 1892ರ ಅಕ್ಟೋಬರ್‌ನಲ್ಲಿ, ಕೊಲ್ಹಾಪುರದಿಂದ ಬೆಳಗಾವಿಗೆ ಬಂದಿದ್ದರು. ಮೊದಲು ಉಳಿದದ್ದು ವಕೀಲ ಭಾಟೆಯವರ ಮನೆಯಲ್ಲಿ. ಆಮೇಲೆ ಅರಣ್ಯಾಧಿಕಾರಿ ಹರಿಪದ ಮಿತ್ರರ ಬಂಗಲೆಯಲ್ಲಿ. ಕೋಟೆಯೊಳಗೆ ಇಂದು ರಾಮಕೃಷ್ಣ ಮಿಷನ್ ಆಶ್ರಮ ಇರುವುದು ಆ ನೆನಪಿಗೇ. ಮಿತ್ರರು ಆ ದಿನಗಳ ನೆನಪುಗಳನ್ನು ಬರೆದಿಟ್ಟಿದ್ದಾರೆ.

ಅದರಲ್ಲೊಂದು ಪ್ರಸಂಗ. ಮಾತಿನ ನಡುವೆ ಸ್ವಾಮೀಜಿ ಚಾರ್ಲ್ಸ್ ಡಿಕನ್ಸ್‌ನ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಿಂದ ಎರಡು ಮೂರು ಪುಟಗಳಷ್ಟನ್ನು ನೋಡದೆ ಹೇಳಿದರು. ಮಿತ್ರರು ದಂಗಾದರು. ಎಷ್ಟು ಸಲ ಓದಿದ್ದೀರಿ ಎಂದು ಕೇಳಿದರು. ಎರಡು ಸಲ, ಒಮ್ಮೆ ಶಾಲೆಯಲ್ಲಿದ್ದಾಗ, ಇನ್ನೊಮ್ಮೆ ಕೆಲವು ತಿಂಗಳ ಹಿಂದೆ ಎಂಬ ಉತ್ತರ ಬಂತು. ಇದು ಹೇಗೆ ಸಾಧ್ಯ ಎಂದರೆ ಏಕಾಗ್ರತೆ ಮತ್ತು ಬ್ರಹ್ಮಚರ್ಯದ ಶಿಸ್ತು ಎಂದರು.

ಇನ್ನು ಮೊಬೈಲ್‌ನಲ್ಲಿ ಈ ಬಗೆಯ ಕಥೆ ಬರುವ ರೂಪ ನೋಡಿ. ಪುಟ ತಿರುವಿದರೆ ಸಾಕು, ಇಡೀ ಪುಸ್ತಕ ಬಾಯಿಪಾಠ. ಧ್ಯಾನ ಮಾಡಿದರೆ ನಿಮಗೂ ಹಾಗೇ ಆಗುತ್ತದೆ. ಎರಡು ಸಲ ಓದಿದ್ದರು ಎಂಬ ಸಣ್ಣ ವಿವರ ಎಲ್ಲೋ ಬಿದ್ದುಹೋಗಿದೆ. ಮೂಲದ ಪ್ರಸಂಗವೇ ಸಾಕಷ್ಟು ಅಚ್ಚರಿಯದ್ದು. ಅದಕ್ಕೆ ಮಸಾಲೆ ಏಕೆ ಬೇಕಿತ್ತೋ ಗೊತ್ತಿಲ್ಲ. ಆದರೆ ಮಸಾಲೆ ಸೇರಿದ ಕೂಡಲೇ ಅಭ್ಯಾಸದ ವಿಷಯ ಪವಾಡದ ವಿಷಯವಾಗಿಬಿಡುತ್ತದೆ. ಪವಾಡ ಐದು ನಿಮಿಷದಲ್ಲಿ ಆಗದಿದ್ದರೆ ನಾವು ಬಿಟ್ಟೇಬಿಡುತ್ತೇವೆ.

ಅದೇ ನೆನಪುಗಳಲ್ಲಿ ಇನ್ನೊಂದು ಸಂಗತಿಯೂ ಇದೆ. ಮಿತ್ರರು ನಾನಾ ಕಾಯಿಲೆಗಳಿಗೆ ಬಹಳ ಕಾಲದಿಂದ ಔಷಧಿ ತಿನ್ನುತ್ತಿದ್ದರು. ಸದಾ ರೋಗದ್ದೇ ಯೋಚನೆ ಮಾಡುತ್ತ ಕೂರಬೇಡ, ಹಾಸಿಗೆ ಹಿಡಿಯುವಂತಾದಾಗ ಔಷಧಿ ತಗೋ, ಉಲ್ಲಾಸದಿಂದಿರು ಎಂಬರ್ಥದ ಸಲಹೆ ಅವರಿಗೆ ಸಿಕ್ಕಿತು. ಒಬ್ಬ ಸಂನ್ಯಾಸಿ ತನ್ನ ಎದುರಿಗಿದ್ದ ಒಬ್ಬ ಗೃಹಸ್ಥನಿಗೆ, ಅವನ ಸ್ವಭಾವ ನೋಡಿ ಹೇಳಿದ ಮಾತು ಅದು. ಹೇಳಿದ ಕಾಲವನ್ನೂ ಗಮನಿಸಿ: ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿ ಬಿಪಿ ನೋಡುವ ಸಾಧನವನ್ನು ಇಟಲಿಯ ವೈದ್ಯ ಸಿಪಿಯೋನೆ ರೀವಾ-ರೋಚ್ಚಿ ಪ್ರಕಟಿಸಿದ್ದು 1896ರಲ್ಲಿ. ಇನ್ಸುಲಿನ್ ರೋಗಿಗೆ ಸಿಕ್ಕಿದ್ದು 1922ರಲ್ಲಿ. ಲಕ್ಷಣವೇ ಇಲ್ಲದೆ ಒಳಗೊಳಗೇ ಕಿಡ್ನಿ, ಹೃದಯ ಕೆಡಿಸುವ ಬಿಪಿಯ ಬಗ್ಗೆ 1892ರ ಬೆಳಗಾವಿಯಲ್ಲಿ ಯಾರಿಗೂ ತಿಳಿಯುವ ದಾರಿ ಇರಲಿಲ್ಲ. ಆ ಕಾಲದ ಸಲಹೆಯನ್ನು ಇಂದಿನ ಮಾತ್ರೆಯ ಡಬ್ಬಿಗೆ ಅಂಟಿಸಿದರೆ ತಪ್ಪು ಅಂಟಿಸಿದವರದ್ದು.

ಮನಸ್ಸು ಓಡುವುದು ಕಾಯಿಲೆಯೇ?

ಅಲ್ಲ. ಅದು ಮನಸ್ಸಿನ ಸಹಜ ನಡೆ.

2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಒಂದು ಅಧ್ಯಯನ ಪ್ರಕಟಿಸಿದರು. 2,250 ಜನರ ಐಫೋನ್‌ಗೆ ದಿನದ ಯಾವ್ಯಾವುದೋ ಹೊತ್ತಿನಲ್ಲಿ ಪ್ರಶ್ನೆ ಕಳಿಸುವುದು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರ ಮೇಲೇ ಇದೆಯೇ, ಖುಷಿಯಾಗಿದ್ದೀರಾ? ಉತ್ತರಗಳಲ್ಲಿ ಸುಮಾರು ಶೇ. 47ರಷ್ಟು ಸಲ ಮನಸ್ಸು ಕೈಯಲ್ಲಿದ್ದ ಕೆಲಸದ ಮೇಲೆ ಇರಲಿಲ್ಲ. ಹೆಚ್ಚು ಕಡಿಮೆ ಅರ್ಧ ದಿನ. ಮನಸ್ಸು ಬೇರೆಲ್ಲೋ ಇದ್ದಾಗ ಜನ ಸ್ವಲ್ಪ ಕಡಿಮೆ ಖುಷಿಯಾಗಿದ್ದರು ಎಂಬುದೂ ಕಂಡಿತು. ಅದಕ್ಕೂ ಮುಂಚೆ, 2001ರಲ್ಲಿ, ಅಮೆರಿಕದ ನರವಿಜ್ಞಾನಿ ಮಾರ್ಕಸ್ ರೈಕ್ಲ್ ಮತ್ತು ಸಂಗಡಿಗರು ಇನ್ನೊಂದು ವಿಷಯ ತೋರಿಸಿದ್ದರು. ನಾವು ಏನೂ ಮಾಡದೆ ಸುಮ್ಮನೆ ಕೂತಾಗ ಮೆದುಳು ಸುಮ್ಮನಿರುವುದಿಲ್ಲ, ಕೆಲವು ಭಾಗಗಳು ಆಗಲೇ ಹೆಚ್ಚು ಚುರುಕಾಗಿರುತ್ತವೆ. ಹಳೆಯದನ್ನು ಮೆಲುಕು ಹಾಕುವುದು, ನಾಳೆಯದನ್ನು ಲೆಕ್ಕ ಹಾಕುವುದು, "ನನ್ನ ಬಗ್ಗೆ ಅವರು ಏನೆಂದುಕೊಂಡರೋ" ಎಂದು ಕೊರಗುವುದು, ಇದೆಲ್ಲ ಆಗ ನಡೆಯುವ ಕೆಲಸ.

ಅಂದರೆ ಕಣ್ಣು ಮುಚ್ಚಿ ಕೂತ ಕೂಡಲೇ ಯೋಚನೆ ಜಾಸ್ತಿಯಾದಂತೆ ಅನಿಸುವುದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಸಂತೆಯ ಗದ್ದಲದಲ್ಲಿ ಕೇಳದ ಗಡಿಯಾರದ ಟಿಕ್ ಟಿಕ್ ರಾತ್ರಿ ಕೇಳುತ್ತದಲ್ಲ, ಹಾಗೆ.

ಖಾನಾಪುರದವರಿಗೆ ಇದನ್ನು ವಿವರಿಸುವುದು ಸುಲಭ. ಅದು ಮಣ್ಣಿನ ಕೆಲಸದ ಊರು. ಹೆಂಚಿಗೂ ಕುಂಬಾರಿಕೆಗೂ ಹೆಸರಾದ ಜಾಗ, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ. ತಿಗರಿಯ ಮೇಲೆ ಹಸಿ ಮಣ್ಣಿನ ಮುದ್ದೆ ಇಟ್ಟು ತಿರುಗಿಸಿದಾಗ ಅದು ಮೊದಲು ಓಲಾಡುತ್ತದೆ. ಕುಂಬಾರ ಚಕ್ರ ನಿಲ್ಲಿಸುವುದಿಲ್ಲ. ಎರಡೂ ಅಂಗೈಯಿಂದ ಮುದ್ದೆಯನ್ನು ಮೆಲ್ಲಗೆ ನಡುವಿಗೆ ತರುತ್ತಾನೆ. ಮತ್ತೆ ಓಲಾಡಿತೋ, ಮತ್ತೆ ತರುತ್ತಾನೆ. ಬೈದರೆ, ಗುದ್ದಿದರೆ ಮಣ್ಣು ಹಾರಿಹೋಗುತ್ತದೆ. ಉಸಿರಿನ ಧ್ಯಾನದಲ್ಲಿ ಇರುವುದೂ ಇಷ್ಟೇ. ಉಸಿರು ನಡುವಿನ ಜಾಗ. ಮನಸ್ಸು ಜಾರುತ್ತದೆ, ಜಾರಿದ್ದು ಗೊತ್ತಾಗುತ್ತದೆ, ವಾಪಸ್ ಬರುತ್ತೀರಿ. ಐದು ನಿಮಿಷದಲ್ಲಿ ಇಪ್ಪತ್ತು ಸಲ ಜಾರಿ ಇಪ್ಪತ್ತು ಸಲ ವಾಪಸ್ ಬಂದರೆ ಅದು ಸೋಲಲ್ಲ, ಇಪ್ಪತ್ತು ಸಲ ಅಭ್ಯಾಸ ಆಯಿತು ಎಂದು ಲೆಕ್ಕ. ಬುದ್ಧನ ಕಾಲದ 'ಆನಾಪಾನ' ಎಂಬ ಉಸಿರು ಗಮನಿಸುವ ಪದ್ಧತಿಯಿಂದ ಹಿಡಿದು, ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆಂದು ಶುರು ಮಾಡಿದ ಎಂಟು ವಾರದ ತರಗತಿಗಳವರೆಗೆ ಮೂಲ ಸೂಚನೆ ಹೆಚ್ಚು ಬದಲಾಗಿಲ್ಲ.

ಹಾಗಾದರೆ ಉಸಿರೇ ಏಕೆ? ಗಡಿಯಾರ ನೋಡಿದರೆ ಆಗದೇ?

ಆಗಬಹುದು. ಆದರೆ ಉಸಿರಿಗೆ ಒಂದು ವಿಶೇಷವಿದೆ. ಹೃದಯ, ಜೀರ್ಣಾಂಗಗಳು ನಮ್ಮ ಮಾತು ಕೇಳುವುದಿಲ್ಲ. ಕೈಕಾಲು ನಾವು ಹೇಳಿದರೆ ಮಾತ್ರ ಕೇಳುತ್ತವೆ. ಉಸಿರು ಎರಡೂ ಕಡೆಯದ್ದು. ನಿದ್ದೆಯಲ್ಲಿ ತಾನೇ ನಡೆಯುತ್ತದೆ, ಬೇಕೆಂದಾಗ ನಾವು ನಿಧಾನ ಮಾಡಬಹುದು. ತಾಳ ಹಾಕುವವರು ಮೆದುಳಿನ ಕಾಂಡದಲ್ಲಿರುವ ಕೆಲವು ಸಾವಿರ ನರಕೋಶಗಳು. ಆ ಗುಂಪಿನ ಹೆಸರು 'ಪ್ರಿ-ಬಾಟ್ಜಿಂಗರ್'. ಜರ್ಮನಿಯ ಒಂದು ವೈನ್ ಬಾಟಲಿಯ ಮೇಲಿದ್ದ ಹೆಸರಿನಿಂದ ಬಂದದ್ದಂತೆ, ವಿಜ್ಞಾನಿಗಳಿಗೂ ಊಟದ ಹೊತ್ತಿನಲ್ಲಿ ಹೀಗೆಲ್ಲ ಹೊಳೆಯುತ್ತದೆ. 2017ರಲ್ಲಿ ಇಲಿಗಳಲ್ಲಿ ನಡೆದ ಸಂಶೋಧನೆಯಲ್ಲಿ ಈ ಗುಂಪಿನಿಂದ ಮೆದುಳನ್ನು ಎಚ್ಚರದಲ್ಲಿಡುವ ಭಾಗಕ್ಕೆ ನೇರ ಸಂಪರ್ಕವಿರುವುದು ಕಂಡಿತು. ಆ ಸಂಪರ್ಕದ ಕೋಶಗಳನ್ನು ತೆಗೆದಾಗ ಇಲಿಗಳು ಉಸಿರಾಡುತ್ತಲೇ ಇದ್ದವು, ಆದರೆ ಗಾಬರಿ ಕಡಿಮೆಯಾಗಿ ಶಾಂತವಾದವು. ಇಲಿಯಿಂದ ಮನುಷ್ಯನಿಗೆ ನೇರ ಜಿಗಿಯಬಾರದು, ಆದರೂ ಉಸಿರಿಗೂ ಗಾಬರಿಗೂ ನಡುವೆ ತಂತಿ ಇದೆ ಎಂಬುದಕ್ಕೆ ಇದೊಂದು ಸುಳಿವು.

ಮನುಷ್ಯರಲ್ಲಿ ನೋಡಬೇಕೆಂದರೆ ಲ್ಯಾಬ್ ಬೇಡ. ಮಣಿಕಟ್ಟಿನ ನಾಡಿ ಹಿಡಿದು ಕೂರಿ. ನಿಧಾನವಾಗಿ ಉಸಿರು ಒಳಗೆಳೆದಾಗ ನಾಡಿ ತುಸು ಬೇಗ, ಹೊರಬಿಟ್ಟಾಗ ತುಸು ನಿಧಾನ. ವಯಸ್ಸಾದವರಲ್ಲಿ ಈ ವ್ಯತ್ಯಾಸ ಅಷ್ಟು ಗೊತ್ತಾಗದಿರಬಹುದು, ಗಾಬರಿ ಬೇಡ. ಉಸಿರು ಬಿಡುವಾಗ 'ವೇಗಸ್' ಎಂಬ ನರ ಹೃದಯಕ್ಕೆ ನಿಧಾನ ಎಂದು ಹೇಳುತ್ತದೆ. ಉಸಿರು ಬಿಡುವ ಹೊತ್ತನ್ನು ಉದ್ದ ಮಾಡಿದರೆ ಆ ಮಾತು ಹೆಚ್ಚು ಹೊತ್ತು ಕೇಳಿಸುತ್ತದೆ. ಉದ್ದವಾದ ನಿಟ್ಟುಸಿರು ಬಿಟ್ಟಾಗ ಹಗುರ ಎನಿಸುವುದರ ಹಿಂದೆ ಇದೂ ಇದೆ.

ಸುಮ್ಮನಿದ್ದಾಗ ದೊಡ್ಡವರು ನಿಮಿಷಕ್ಕೆ ಸುಮಾರು 12ರಿಂದ 20 ಸಲ ಉಸಿರಾಡುತ್ತಾರೆ. ಇದನ್ನು ಆರರ ಆಸುಪಾಸಿಗೆ ಇಳಿಸಿದರೆ ಉಸಿರು, ಹೃದಯ ಬಡಿತ, ರಕ್ತದೊತ್ತಡದ ಏರಿಳಿತ ಮೂರೂ ಒಂದು ಲಯಕ್ಕೆ ಬರುತ್ತವೆ. 2001ರಲ್ಲಿ ಇಟಲಿಯ ಲೂಚಿಯಾನೋ ಬೆರ್ನಾರ್ಡಿ ತಂಡ ಒಂದು ಮಜವಾದ ಪ್ರಯೋಗ ಮಾಡಿತು. 23 ಜನರಿಗೆ ಲ್ಯಾಟಿನ್‌ನ 'ಆವೆ ಮರಿಯಾ' ಜಪಮಾಲೆ ಪ್ರಾರ್ಥನೆಯನ್ನೂ ಒಂದು ಯೋಗ ಮಂತ್ರವನ್ನೂ ಹೇಳಿಸಿತು. ಎರಡರಲ್ಲೂ ಉಸಿರು ತಾನಾಗಿ ನಿಮಿಷಕ್ಕೆ ಆರಕ್ಕೆ ಇಳಿಯಿತು, ಎರಡರ ಪರಿಣಾಮವೂ ಒಂದೇ. ಯಾರ ಮಂತ್ರ ದೊಡ್ಡದು ಎಂದು ಗ್ರೂಪಿನಲ್ಲಿ ಜಗಳ ಮಾಡುವವರಿಗೆ ಇದನ್ನು ಕಳಿಸಬಹುದು. ಬೆಳಗಾವಿಯಲ್ಲಿ ಚರ್ಚಿನ ಜಪಮಾಲೆ ಹಿಡಿದ ಅಜ್ಜಿಗೂ ಮನೆಯ ಜಗಲಿಯಲ್ಲಿ ನಾಮಜಪ ಮಾಡುವ ಅಜ್ಜಿಗೂ ಶ್ವಾಸಕೋಶ ಒಂದೇ ಥರದ್ದು.

ಆಮ್ಲಜನಕದ ಫಾರ್ವರ್ಡ್‌ಗಳು

ಆರೋಗ್ಯವಂತರ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 95ರಿಂದ 100 ತೋರಿಸುತ್ತದೆ. ಕೋವಿಡ್ ಕಾಲದಲ್ಲಿ ಎಲ್ಲರೂ ನೋಡಿದ ಸಂಖ್ಯೆ. ಈಗಾಗಲೇ ತುಂಬಿದ ಕೊಡಕ್ಕೆ ಇನ್ನು ಎಷ್ಟು ನೀರು ಹಾಕುವುದು? ಜೋರಾಗಿ ಆಳವಾಗಿ ಉಸಿರಾಡಿದರೆ ರಕ್ತದಲ್ಲಿ ಆಮ್ಲಜನಕ ದುಪ್ಪಟ್ಟಾಗುವುದಿಲ್ಲ. ಬದಲಿಗೆ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಹೆಚ್ಚು ಹೊರಹೋಗುತ್ತದೆ. ಆಗ ಮೆದುಳಿನ ರಕ್ತನಾಳಗಳು ಸಂಕುಚಿತವಾಗಿ ತಲೆ ತಿರುಗುತ್ತದೆ, ತುಟಿ, ಬೆರಳು ಜುಮ್ಮೆನ್ನುತ್ತವೆ. ಕೆಲವು ವಿಡಿಯೋಗಳಲ್ಲಿ ಈ ಜುಮ್ಮೆನ್ನುವಿಕೆಯನ್ನು "ಶಕ್ತಿ ಹರಿಯುತ್ತಿದೆ" ಎಂದು ಹೇಳುತ್ತಾರೆ. ಅಲ್ಲ, ಅದು ಉಸಿರಾಟ ಅತಿಯಾಗಿದೆ ಎಂಬ ಸೂಚನೆ. ನಿಲ್ಲಿಸಿ, ಸಹಜವಾಗಿ ಉಸಿರಾಡಿದರೆ ಕೆಲವೇ ನಿಮಿಷದಲ್ಲಿ ಸರಿಹೋಗುತ್ತದೆ.

ಇದು ಪಾಶ್ಚಾತ್ಯರು ಯೋಗದ ಮೇಲೆ ಹೊರಿಸಿದ ಟೀಕೆಯಲ್ಲ. ಬೆಳಗಾವಿಯಿಂದ ಪುಣೆ ದಾಟಿ ಮುಂಬೈ ಕಡೆ ಹೋದರೆ ಸಿಗುವ ಲೋಣಾವಳದಲ್ಲಿ 1924ರಲ್ಲಿ ಕೈವಲ್ಯಧಾಮ ಸ್ಥಾಪಿಸಿ, ಯೋಗವನ್ನು ಪ್ರಯೋಗಾಲಯಕ್ಕೆ ತಂದ ಸ್ವಾಮಿ ಕುವಲಯಾನಂದರೇ ಈ ಮಾತು ಹೇಳಿದ್ದರು. ಪ್ರಾಣಾಯಾಮದ ಮಹತ್ವ ಹೆಚ್ಚು ಆಮ್ಲಜನಕ ಎಳೆದುಕೊಳ್ಳುವುದರಲ್ಲಿಲ್ಲ, ನರಮಂಡಲದ ಮೇಲೆ ಆಗುವ ಪರಿಣಾಮದಲ್ಲಿದೆ ಎಂಬುದು ಅವರ ವಾದ. ಸುಮಾರು ನೂರು ವರ್ಷದ ಹಿಂದಿನ ಯೋಗಿಯ ಮಾತು ಇನ್ನೂ ನಮ್ಮ ಗ್ರೂಪುಗಳಿಗೆ ತಲುಪಿಲ್ಲ.

2020ರ ಮಾರ್ಚ್‌ನಲ್ಲಿ ಹಬ್ಬಿದ್ದ ಇನ್ನೊಂದು ಸಂದೇಶ ನೆನಪಿರಬಹುದು: ಕೆಮ್ಮು ಬಾರದೆ ಹತ್ತು ಸೆಕೆಂಡ್ ಉಸಿರು ಹಿಡಿದರೆ ಕೊರೊನಾ ಇಲ್ಲ ಎಂದರ್ಥ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೆಸರು ಹಾಕಿದ್ದರು. ಆ ವಿಶ್ವವಿದ್ಯಾಲಯ ಅದು ತಮ್ಮದಲ್ಲ ಎಂದಿತು, ವಿಶ್ವ ಆರೋಗ್ಯ ಸಂಸ್ಥೆಯೂ ಅದು ಸುಳ್ಳು ಎಂದು ಸ್ಪಷ್ಟಪಡಿಸಿತು. ಭ್ರಾಮರಿಯ ಬಗ್ಗೆ ಬರುವ ಸಂದೇಶಗಳಲ್ಲಿ ಅರ್ಧ ಸತ್ಯವಿದೆ. ಬಾಯಿ ಮುಚ್ಚಿ ಗುಂಯ್‌ಗುಟ್ಟಿದಾಗ ಮೂಗಿನಲ್ಲಿ ನೈಟ್ರಿಕ್ ಆಕ್ಸೈಡ್ ಸುಮಾರು 15 ಪಟ್ಟು ಹೆಚ್ಚುತ್ತದೆ ಎಂದು ಸ್ವೀಡನ್ ಸಂಶೋಧಕರು 2002ರಲ್ಲಿ ಅಳೆದು ತೋರಿಸಿದರು. ಅದರಿಂದ ವೈರಸ್ ಸಾಯುತ್ತದೆ ಎಂಬ ಮುಂದಿನ ಸಾಲು ಯಾರೋ ಸೇರಿಸಿದ್ದು.

ಮಾಡುವುದು ಹೇಗೆ?

ಕುರ್ಚಿಯ ಮೇಲೆ ಕೂರಬಹುದು, ಪದ್ಮಾಸನ ಬೇಕಿಲ್ಲ. ಬೆನ್ನು ನೇರ, ಭುಜ ಸಡಿಲ. ಕಣ್ಣು ಮುಚ್ಚಬಹುದು, ಇಲ್ಲವೇ ನೆಲದ ಮೇಲೆ ದೃಷ್ಟಿ ಇಡಬಹುದು. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಸೆಕೆಂಡಿಗೊಂದರಂತೆ ಎಣಿಸಿದರೆ ನಿಮಿಷಕ್ಕೆ ಸರಿಯಾಗಿ ಆರು ಉಸಿರು. ಕಷ್ಟವಾದರೆ ಮೂರು-ನಾಲ್ಕಕ್ಕೆ ಇಳಿಸಿ. ಎದೆ ಉಬ್ಬಿಸಿ ಆಳಕ್ಕೆ ಎಳೆಯಬೇಡಿ. ಬೇಕಾದದ್ದು ನಿಧಾನ, ಜೋರಲ್ಲ. ಒಂದೆರಡು ನಿಮಿಷ ಹೀಗೆ ಮಾಡಿ ಎಣಿಕೆ ಬಿಟ್ಟುಬಿಡಿ. ಉಸಿರು ತನ್ನ ಪಾಡಿಗೆ ನಡೆಯಲಿ, ಮೂಗಿನ ತುದಿಯಲ್ಲೋ ಹೊಟ್ಟೆಯಲ್ಲೋ ಅದು ಎಲ್ಲಿ ಗೊತ್ತಾಗುತ್ತದೆಯೋ ಅಲ್ಲಿ ಗಮನ ಇಡಿ. ಯೋಚನೆ ಬಂದಾಗ "ಯೋಚನೆ" ಎಂದು ಮನಸ್ಸಿನಲ್ಲೇ ಹೆಸರಿಟ್ಟು ವಾಪಸ್ ಬನ್ನಿ. ಅಷ್ಟೇ.

ಇದಕ್ಕೆ ಭೀಮಗಡದ ಕಾಡಿಗೋ ಕಣಕುಂಬಿಗೋ ಹೋಗಬೇಕಿಲ್ಲ. ಹೋದರೆ ಸಂತೋಷ. ಮಲಪ್ರಭೆ ಹುಟ್ಟುವ ಆ ಊರು ನೋಡಬೇಕಾದದ್ದೇ. ಆದರೆ ಮಳೆಗಾಲದಲ್ಲಿ ಅಲ್ಲಿ ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ಬೆಳಗಾವಿಯ ಚನ್ನಮ್ಮ ವೃತ್ತದ ಹಾರ್ನ್‌ಗಳಿಗಿಂತ ಏನೂ ಕಡಿಮೆಯಿಲ್ಲ, ಮನಸ್ಸು ಬ್ಯಾಗಿನ ಜೊತೆ ಅಲ್ಲಿಗೂ ಬರುತ್ತದೆ. ಖಾನಾಪುರದಿಂದ ಬೆಳಗಾವಿಗೆ ದಿನಾ ಓಡಾಡುವವರಿಗೆ ಬಸ್ಸು, ರೈಲಿನ ಸೀಟೇ ಒಳ್ಳೆಯ ಜಾಗ. ಉದ್ಯಮಬಾಗದ ಶಿಫ್ಟ್ ಮುಗಿಸಿ ಮನೆಗೆ ಹೋಗುವವರು ಮನೆಯ ಬಾಗಿಲು ತೆಗೆಯುವ ಮುಂಚೆ ಒಂದು ನಿಮಿಷ ಆರು ಉಸಿರು ಎಣಿಸಬಹುದು. ತಿಳಕವಾಡಿಯ ರೈಲ್ವೆ ಗೇಟ್ ಮುಚ್ಚಿದಾಗ ಎಂಜಿನ್ ಆಫ್ ಮಾಡಿ ಎಣಿಸಿದರೆ ಗೇಟ್ ಬೇಗ ತೆರೆಯುವುದಿಲ್ಲ, ಆದರೆ ಹಾರ್ನ್ ಒತ್ತುವ ಆಸೆ ಕಡಿಮೆಯಾಗುತ್ತದೆ. ಗಾಡಿ ಓಡಿಸುವಾಗ ಮಾತ್ರ ಇದೆಲ್ಲ ಬೇಡ, ರಸ್ತೆ ನೋಡಿ.

ಎಷ್ಟು ಕೆಲಸ ಮಾಡುತ್ತದೆ?

ಫಾರ್ವರ್ಡ್‌ಗಳು ಹೇಳುವಷ್ಟಲ್ಲ, ಅನುಮಾನ ಪಡುವವರು ಹೇಳುವಷ್ಟು ಕಡಿಮೆಯೂ ಅಲ್ಲ.

2014ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ವಿಮರ್ಶೆ 47 ಪ್ರಯೋಗಗಳನ್ನು, ಒಟ್ಟು 3,515 ಜನರ ಮಾಹಿತಿಯನ್ನು ಒಟ್ಟಿಗೆ ನೋಡಿತು. ಆತಂಕ, ಖಿನ್ನತೆ, ನೋವು ಇವುಗಳಲ್ಲಿ ಧ್ಯಾನದಿಂದ ಸಣ್ಣದರಿಂದ ಮಧ್ಯಮ ಮಟ್ಟದ ಸುಧಾರಣೆ ಕಂಡಿತು. ಆದರೆ ವ್ಯಾಯಾಮ, ಔಷಧಿ, ಆಪ್ತಸಮಾಲೋಚನೆಯಂಥ ಬೇರೆ ಚಿಕಿತ್ಸೆಗಳಿಗಿಂತ ಧ್ಯಾನ ಮೇಲು ಎನ್ನಲು ಆಧಾರ ಸಿಗಲಿಲ್ಲ. ಬೆಳಗ್ಗೆ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಚುರುಕಾಗಿ ನಡೆಯುವವರು ಧ್ಯಾನ ಮಾಡದಿದ್ದರೆ ಏನೋ ಕಳೆದುಕೊಂಡೆವು ಎಂದುಕೊಳ್ಳಬೇಕಿಲ್ಲ.

2022ರ ಇನ್ನೊಂದು ಅಧ್ಯಯನ ಸಿಕ್ಕಾಪಟ್ಟೆ ಸುದ್ದಿಯಾಯಿತು. ಆತಂಕದ ಕಾಯಿಲೆ ಇದ್ದ 276 ಜನರಲ್ಲಿ ಅರ್ಧ ಜನರಿಗೆ ಎಸಿಟಾಲೋಪ್ರಾಮ್ ಮಾತ್ರೆ, ಅರ್ಧ ಜನರಿಗೆ ಎಂಟು ವಾರದ ಧ್ಯಾನ ತರಗತಿ. ಕೊನೆಗೆ ಎರಡೂ ಗುಂಪುಗಳ ಆತಂಕ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಇಳಿದಿತ್ತು. ಇದನ್ನು "ಧ್ಯಾನ ಮಾತ್ರೆಗೆ ಸಮ" ಎಂದು ಹಂಚಿಕೊಂಡವರು ಒಂದು ವಿವರ ಬಿಟ್ಟರು. ಅಲ್ಲಿ ಧ್ಯಾನ ಎಂದರೆ ತರಬೇತಿ ಪಡೆದ ಶಿಕ್ಷಕರ ಎದುರು ವಾರಕ್ಕೊಮ್ಮೆ ಎರಡೂವರೆ ಗಂಟೆ ತರಗತಿ, ಮನೆಯಲ್ಲಿ ದಿನಾ 45 ನಿಮಿಷ ಅಭ್ಯಾಸ. ಯೂಟ್ಯೂಬ್‌ನ ಐದು ನಿಮಿಷ ಅಲ್ಲ. ಪಿಕ್‌ವಿಕ್ ಕಥೆಯಲ್ಲಿ 'ಎರಡು ಸಲ ಓದಿದ್ದರು' ಕಳೆದುಹೋದ ಹಾಗೆಯೇ ಇದೂ.

ಐದು ನಿಮಿಷಕ್ಕೂ ಒಂದು ಆಧಾರವಿದೆ, ಮಿತವಾದದ್ದು. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು, ಈ ಸಲ ನಿಜವಾಗಿಯೂ ಅವರೇ, ನೂರಕ್ಕೆ ತುಸು ಹೆಚ್ಚು ಜನರಿಗೆ ಒಂದು ತಿಂಗಳು ದಿನಾ ಐದು ನಿಮಿಷ ಬೇರೆ ಬೇರೆ ಉಸಿರಾಟದ ವಿಧಾನ ಮತ್ತು ಧ್ಯಾನ ಮಾಡಿಸಿದರು. ಎಲ್ಲ ಗುಂಪುಗಳಲ್ಲೂ ಆತಂಕ ಸ್ವಲ್ಪ ಇಳಿಯಿತು. ಉದ್ದವಾಗಿ ಉಸಿರು ಹೊರಬಿಡುವ, ನಿಟ್ಟುಸಿರಿನಂಥ ವಿಧಾನ ಮಾಡಿದವರ ಮನಸ್ಥಿತಿ ಹೆಚ್ಚು ಸುಧಾರಿಸಿತು. ಸಣ್ಣ ಅಧ್ಯಯನ, ಒಂದು ತಿಂಗಳದ್ದು, ಅಷ್ಟು ನೆನಪಿಟ್ಟುಕೊಂಡರೆ ಸಾಕು.

ಬಿಪಿಯ ವಿಷಯದಲ್ಲಿ, ನಿಧಾನ ಉಸಿರಾಟ ಕೆಲವರಲ್ಲಿ ಕೆಲವು ಅಂಕಿ ಇಳಿಸುತ್ತದೆ. ಮಾತ್ರೆಯ ಜೊತೆಗೆ ಅದು ಒಳ್ಳೆಯದು. ಮಾತ್ರೆಯ ಬದಲಿಗೆ ಎಂದರೆ ಮೆದುಳಿನ ರಕ್ತಸ್ರಾವಕ್ಕೆ ಆಹ್ವಾನ. ಧ್ಯಾನ ಶುರು ಮಾಡಿದ ಮೇಲೆ ಬಿಪಿ ಇಳಿದಂತೆ ಕಂಡರೆ ಓದಿದ ಅಂಕಿಗಳನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ, ಮಾತ್ರೆ ತಗ್ಗಿಸುವುದು ಅವರ ಕೆಲಸ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಬಿಟ್ಟು ಉಸಿರು ಎಣಿಸಿದರೆ ಒಂದೆರಡು ದಿನದಲ್ಲೇ ಐಸಿಯು ಸೇರುವ ಸ್ಥಿತಿ ಬರಬಹುದು.

ಯಾರಿಗೆ ಒಗ್ಗುವುದಿಲ್ಲ?

ಈ ಭಾಗ ಫಾರ್ವರ್ಡ್‌ಗಳಲ್ಲಿ ಯಾವತ್ತೂ ಇರುವುದಿಲ್ಲ. 2020ರ ಒಂದು ವಿಮರ್ಶೆ ಧ್ಯಾನದ ಬಗೆಗಿನ 83 ಅಧ್ಯಯನಗಳನ್ನು ನೋಡಿತು. ಸುಮಾರು ಶೇ. 8ರಷ್ಟು ಜನರಲ್ಲಿ ಆತಂಕ ಹೆಚ್ಚಾಗುವುದು, ಖಿನ್ನತೆಯಂಥ ತೊಂದರೆ ಕಂಡಿತ್ತು. ಪ್ಯಾನಿಕ್ ಅಟ್ಯಾಕ್ ಆಗುವವರಲ್ಲಿ ಕೆಲವರಿಗೆ ಉಸಿರಿನ ಮೇಲೆ ಗಮನ ಇಟ್ಟ ಕೂಡಲೇ "ಉಸಿರು ಕಟ್ಟುತ್ತಿದೆ" ಎನ್ನಿಸತೊಡಗುತ್ತದೆ. ದೊಡ್ಡ ಆಘಾತ ಕಂಡವರಿಗೆ ಕಣ್ಣು ಮುಚ್ಚಿದಾಗ ಅದೇ ದೃಶ್ಯ ಬರಬಹುದು. ಹಾಗಾದರೆ ಹಠ ಮಾಡಬೇಡಿ. ಕಣ್ಣು ತೆರೆದು ಪಾದ ನೆಲಕ್ಕೆ ತಾಗುವುದನ್ನು ಗಮನಿಸಿ, ಸುತ್ತಲಿನ ಸದ್ದು ಕೇಳಿ, ಇಲ್ಲವೇ ಎದ್ದು ನಡೆಯಿರಿ. ಭಸ್ತ್ರಿಕಾ, ಕಪಾಲಭಾತಿಯಂಥ ವೇಗದ ಉಸಿರಾಟ ಬೇರೆಯೇ ಸಂಗತಿ. ಗರ್ಭಿಣಿಯರು, ಹೃದ್ರೋಗ, ಅಧಿಕ ಬಿಪಿ, ಮೂರ್ಛೆ ರೋಗ ಇರುವವರು ವಿಡಿಯೋ ನೋಡಿ ಅದನ್ನು ಶುರು ಮಾಡಬಾರದು.

ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ತೋಳಿಗೋ ದವಡೆಗೋ ಹರಿದರೆ ಅದು ಟೆನ್ಷನ್ ಎಂದು ಉಸಿರು ಎಣಿಸುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ. ಖಾನಾಪುರದ ಒಳಭಾಗದ ಕಾಡಂಚಿನ ಹಳ್ಳಿಗಳಿಂದ ಬೆಳಗಾವಿಯ ದೊಡ್ಡ ಆಸ್ಪತ್ರೆ ತಲುಪಲು ಹಿಡಿಯುವ ಹೊತ್ತು ಲೆಕ್ಕ ಹಾಕಿದರೆ, ಮನೆಯಲ್ಲಿ ಕಳೆಯುವ ಪ್ರತಿ ಹತ್ತು ನಿಮಿಷವೂ ದುಬಾರಿ.

ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದಾದರೆ ಅದು ಮನಸ್ಸಿನ ಗಡಿಬಿಡಿಯಲ್ಲ, ಚಿಕಿತ್ಸೆ ಬೇಕಾದ ಸ್ಥಿತಿ ಇರಬಹುದು. ಸತ್ತುಹೋಗಬೇಕು ಎಂಬ ಯೋಚನೆ ಬಂದರೆ ಎರಡು ವಾರ ಕಾಯುವ ಮಾತೇ ಇಲ್ಲ, ಅದೇ ದಿನ ಯಾರಿಗಾದರೂ ಹೇಳಬೇಕು. ಅಂಥವರಿಗೆ "ಧ್ಯಾನ ಮಾಡು, ಎಲ್ಲ ಸರಿಹೋಗುತ್ತೆ" ಎಂದು ಫಾರ್ವರ್ಡ್ ಕಳಿಸಿದರೆ, ಅದು ಫಲಿಸದಾಗ ತಪ್ಪು ತನ್ನದೇ ಎಂದು ಅವರು ಇನ್ನಷ್ಟು ಕುಗ್ಗುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಚಿಕಿತ್ಸೆ ಸಿಗುತ್ತದೆ, ಬೆಳಗಾವಿಯವರಿಗೆ ಧಾರವಾಡದ ಡಿಮ್ಹಾನ್ಸ್ ಕೂಡ ದೂರವಲ್ಲ.

ಕೊನೆಗೆ, ಧ್ಯಾನದ ಬಗ್ಗೆ ಬರೆದಾಗಲೆಲ್ಲ ಬರುವ ಪ್ರಶ್ನೆ: ಕೂತ ಕೂಡಲೇ ನಿದ್ದೆ ಬರುತ್ತದೆ, ಇದು ತಪ್ಪೇ? ತಪ್ಪಲ್ಲ. ರಾತ್ರಿ ಹನ್ನೆರಡರವರೆಗೆ ಮೊಬೈಲ್ ನೋಡಿ ಬೆಳಗ್ಗೆ ಐದಕ್ಕೆ ಅಲಾರಂ ಇಟ್ಟು ಧ್ಯಾನಕ್ಕೆ ಕೂತರೆ ದೇಹ ತನಗೆ ಬೇಕಾದದ್ದನ್ನು ಕೇಳುತ್ತದೆ. ಅಂಥ ದಿನ ಧ್ಯಾನ ಬಿಟ್ಟು ಮಲಗಿಬಿಡಿ.